ತೀರಿಹೋದ ನಮ್ಮ ಮೇಷ್ಟ್ರ ಬಗ್ಗೆ ಐದು ನಿಮಿಷ ಏನು ಮಾತಾಡಲಿ?

ಪ್ರಶ್ನೆ: ಹೈಸ್ಕೂಲಿನಲ್ಲಿ ನಮಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು ತೀರಿಕೊಂಡರು. ರಿಲೇ ತಂಡಕ್ಕೆ ಕೋಚ್ ಕೂಡ ಅವರೇ. ಹಳೆ ವಿದ್ಯಾರ್ಥಿಗಳ ಪರವಾಗಿ ನಾನು ಮಾತಾಡಬೇಕು. ಬರೆಯಲು ಕೂತರೆ ‘ಸರಳಜೀವಿ, ಆದರ್ಶ ಶಿಕ್ಷಕ’ ಅಂತಲೇ ಬರುತ್ತದೆ. ಇದನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ?

ಉತ್ತರ 1: ಅವರು ಬಯ್ಯುತ್ತಿದ್ದ ರೀತಿ ಹೇಳಿ. ಹೊಗಳಿಕೆಗಿಂತ ಅದೇ ಜಾಸ್ತಿ ನೆನಪಿರುತ್ತದೆ.

ಉತ್ತರ 2: ಮೈದಾನದಲ್ಲಿ ಏನು ಕಲಿಸಿದರು?

ಪ್ರಶ್ನೆ ಕೇಳಿದವರು: 4×100 ಮೀಟರ್ ರಿಲೇ. ನಾಲ್ವರು ಸರದಿಯಲ್ಲಿ ಓಡಿ, ಬ್ಯಾಟನ್ ಅನ್ನೋ ಕೋಲನ್ನು ಕೈಯಿಂದ ಕೈಗೆ ದಾಟಿಸುವ ಓಟ. ಓಟಕ್ಕಿಂತ ಬ್ಯಾಟನ್ ಕೊಡುವುದನ್ನೇ ಜಾಸ್ತಿ ಮಾಡಿಸುತ್ತಿದ್ದರು. ಒಂದನೆಯ, ಮೂರನೆಯ ಓಟಗಾರರು ತಿರುವಿನಲ್ಲಿ ಓಡುತ್ತಾರೆ. ಬ್ಯಾಟನ್ ಬಲಗೈಯಲ್ಲಿದ್ದರೆ ಲೇನಿನ ಒಳ ಅಂಚಿಗೆ ಹತ್ತಿರ ಓಡಬಹುದು. ಉಳಿದಿಬ್ಬರಿಗೆ ಎಡಗೈ. ಈಗ ಬ್ಯಾಟನ್ ಬದಲಿಸಲು 30 ಮೀಟರ್ ಜಾಗವಿದೆ, ನಮ್ಮ ಕಾಲದಲ್ಲಿ 20. ಬೋರ್ಡಿನ ಮೇಲೆ ಬ್ಯಾಟನ್ ಕೊಡುವವನು, ತೆಗೆದುಕೊಳ್ಳುವವನು ಇಬ್ಬರ ವೇಗದ ಗ್ರಾಫ್ ಬರೆಯುತ್ತಿದ್ದರು. ಒಂದು ಗೆರೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡೂ ಸೇರುವ ಕಡೆ ಸೀಮೆಸುಣ್ಣ ಕುಟ್ಟಿ, ‘ಇಲ್ಲಿ ಕೊಡ್ರೋ! ತಿರುಗಿ ನೋಡಿದ್ರೆ ಮನೆಗೆ ಹೋಗಿ’ ಅಂತ ಗದರುತ್ತಿದ್ದರು. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ನನಗೆ ಅರ್ಥವಾಗಿದ್ದೇ ಹಾಗೆ. ತಂಡಕ್ಕೆ ಆಯ್ಕೆಯಾಗದ ಹುಡುಗರಿಗೂ ಅಷ್ಟೇ ಹೊತ್ತು ಅಭ್ಯಾಸ ಮಾಡಿಸುತ್ತಿದ್ದರು. ನಮಗೆ ಅದು ಸುಮ್ನೆ ಕಾಲಹರಣ ಅನಿಸುತ್ತಿತ್ತು.

ಉತ್ತರ 2: ಸಿಕ್ಕಿತಲ್ಲ ನಿಮ್ಮ ಮಾತು! ಬೋರ್ಡಿನ ಕಥೆ ಮನೆಯವರಿಗೆ ಗೊತ್ತಿರಲಿಕ್ಕಿಲ್ಲ, ಅದನ್ನೇ ಮೊದಲು ಹೇಳಿ. ಆಯ್ಕೆಯಾಗದ ಹುಡುಗರಲ್ಲಿ ಒಬ್ಬರನ್ನೂ ಮಾತಾಡಿಸಿ. ಸಮಯ ಸಾಲದಿದ್ದರೆ ಗೆದ್ದ ಕಪ್‌ಗಳ ಪಟ್ಟಿ ಬಿಟ್ಟುಬಿಡಿ.