ಕಾಲಿನ ನರ ಉಬ್ಬಿದೆ, ಹಾರ್ಟ್ ವೀಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಉಡುಪಿಯಲ್ಲಿ ಹೋಟೆಲ್ ಕೆಲಸ, 19 ವರ್ಷದಿಂದ ದೋಸೆ ಕಾವಲಿ ಎದುರು. ವಯಸ್ಸು 46. ಬೆಳಿಗ್ಗೆ 5ಕ್ಕೆ ನಿಂತರೆ 11ರವರೆಗೆ ಕೂರಲಿಕ್ಕಿಲ್ಲ. ಎಡಗಾಲಿನ ಮೀನಖಂಡದ ಮೇಲೆ ನರ ಎರೆಹುಳದ ಹಾಗೆ ಸುತ್ತಿಕೊಂಡು ಎದ್ದಿದೆ. ಸಂಜೆ ಪಾದ ಭಾರ, ಮಲಗಿ ಎದ್ದರೆ ಸರಿ. ಹಾರ್ಟ್ ವೀಕ್ ಆಗಿ ರಕ್ತ ಮೇಲೆ ಎಳೆಯಲಿಕ್ಕೆ ಆಗುವುದಿಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಹೌದಾ?

ಡಾಕ್ಟರ್: ನೀವು ಹೇಳಿದ್ದಷ್ಟನ್ನೇ ನೋಡಿದರೆ ಹಾರ್ಟಿನ ಲಕ್ಷಣ ಕಾಣುವುದಿಲ್ಲ. ಉಬ್ಬಿದ್ದು ನರವೂ ಅಲ್ಲ, ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸು ತರುವ ನಾಳ. ನಾವೆಲ್ಲ ನರ ಅಂತಲೇ ಹೇಳುವುದು, ಇರಲಿ.

ಹೃದಯದ ಮುಖ್ಯ ಕೆಲಸ ದೂಡುವುದು. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಗಿನ ಕೋಣೆ, ಒಂದು ಬಡಿತಕ್ಕೆ ಸುಮಾರು 70 ಮಿಲಿ ದೂಡುತ್ತದೆ, ಸುಮ್ಮನೆ ಕೂತಿದ್ದರೂ ನಿಮಿಷಕ್ಕೆ 5 ಲೀಟರಿನಷ್ಟಾಯಿತು. ಆ ರಭಸವೆಲ್ಲ ಕೂದಲಿಗಿಂತ ತೆಳುವಾದ ಲೋಮನಾಳಗಳನ್ನು ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಕರಗಿರುತ್ತದೆ. ಇನ್ನು ಪಾದದಿಂದ ಎದೆಯವರೆಗೆ ನಾಲ್ಕಡಿ ಏರು. ಸುಮ್ಮನೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ 90ರ ಆಸುಪಾಸು (ಬಿಪಿ ಅಳೆಯುವ ಅದೇ ಲೆಕ್ಕ). ನಡೆಯಲು ಶುರುಮಾಡಿ, ಅದು 30ಕ್ಕೆ ಇಳಿಯುತ್ತದೆ. ಇಳಿಸಿದ್ದು ನಿಮ್ಮ ಮೀನಖಂಡ. ಹೆಜ್ಜೆಹೆಜ್ಜೆಗೂ ಒಳಗಿನ ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಕಳಿಸಿದ್ದು ಕೆಳಗೆ ಜಾರದಂತೆ ನಾಳದೊಳಗೆ ಕವಾಟಗಳಿವೆ. ಬಾವಿ ಪಂಪಿನ ಫುಟ್‌ವಾಲ್ವ್ ನೋಡಿದ್ದೀರಲ್ಲ? ಅದೇ. ಆದರೆ ಬಾವಿಗೆ ಒಂದೇ ವಾಲ್ವ್, ಕಾಲಿಗೆ ಸಾಲು ಸಾಲು. ಮೇಲಿನದ್ದು ಸೋತರೆ ಅದರ ಭಾರ ಕೆಳಗಿನದ್ದರ ಮೇಲೆ, ಹೀಗೆ ನಾಳ ಹಿಗ್ಗುತ್ತಾ ಬರುತ್ತದೆ. ವೆರಿಕೋಸ್ ವೇನ್ ಅನ್ನುವುದು ಇದಕ್ಕೆ. ಅಲುಗಾಡದೆ ನಿಲ್ಲುವ ಕೆಲಸ ಅದಕ್ಕೆ ಗೊಬ್ಬರ.

ನಂಬಿಕೆ ಬಾರದಿದ್ದರೆ ಕೈಯಲ್ಲೇ ನೋಡಿ. ತೋಳಿಗೆ ಬೈರಾಸು ಸ್ವಲ್ಪ ಬಿಗಿದು ಮುಷ್ಟಿ ಹಿಡಿಯಿರಿ, ಮುಂಗೈಯ ನಾಳದಲ್ಲಿ ಅಲ್ಲಲ್ಲಿ ಗಂಟು ಏಳುತ್ತದೆ. ಗಂಟಿನ ಕೆಳಗೆ, ಮಣಿಕಟ್ಟಿನ ಕಡೆ, ಒಂದು ಬೆರಳು ಒತ್ತಿ. ಇನ್ನೊಂದರಿಂದ ರಕ್ತವನ್ನು ಗಂಟಿನ ಆಚೆಗೆ ಸವರಿ ಬಿಡಿ. ಗಂಟಿನವರೆಗೆ ನಾಳ ಖಾಲಿಯೇ ಇರುತ್ತದೆ, ಮೇಲಿನ ರಕ್ತ ಇಳಿಯುವುದಿಲ್ಲ. ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತು ಹಾಕುತ್ತದೆ ಅಂತ ವಾದಿಸಿದ್ದು ಇಂಥ ಪುರಾವೆ ಹಿಡಿದೇ.

ಸದಸ್ಯರು: ಫುಟ್‌ವಾಲ್ವ್ ಲೀಕಾದರೆ ನಾವು ಸೆಗಣಿ ನೀರು ಹೊಯ್ಯುತ್ತೇವೆ 😄

ಡಾಕ್ಟರ್: ಕಾಲಿಗೆ ಮಾತ್ರ ಬೇಡ ಮಾರಾಯ್ರೆ! ಬಿಗಿ ಸ್ಟಾಕಿಂಗ್ಸ್ ಉಂಟು, ಹಾಸಿಗೆ ಬಿಡುವ ಮೊದಲೇ ಹಾಕಬೇಕು. ಸಕ್ಕರೆ ಕಾಯಿಲೆ, ಬೀಡಿ ಇದ್ದರೆ ಮೊದಲು ಪಾದದ ನಾಡಿ ತೋರಿಸಿ. ಕಾವಲಿ ಎದುರು ದೋಸೆ ಬೇಯುವಷ್ಟು ಹೊತ್ತು ಹಿಮ್ಮಡಿ ಎತ್ತಿ ಇಳಿಸಿ.

ಇನ್ನೊಬ್ಬರು: ಅಮ್ಮನಿಗೆ ಎರಡೂ ಕಾಲು ಬಾತಿದೆ. ಬಿಪಿಗೆ ಆಮ್ಲೋಡಿಪಿನ್ ತಗೊಳ್ತಾರೆ.

ಡಾಕ್ಟರ್: ಆ ಮಾತ್ರೆಯಿಂದಲೂ ಬಾವು ಬರುವುದುಂಟು. ನೀವಾಗಿ ನಿಲ್ಲಿಸಬೇಡಿ, ಕೊಟ್ಟವರಿಗೇ ಹೇಳಿ. ಮಲಗಿದರೆ ಉಸಿರು ಕಟ್ಟುವುದು, ದಿಂಬು ಎರಡು ಮೂರು ಬೇಕಾಗುವುದು ಇದ್ದರೆ ಹೃದಯ ನೋಡಿಸಲೇಬೇಕು. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಬೈರಾಸು ಕಟ್ಟಿ ನೋಡಿದೆ ಡಾಕ್ಟ್ರೇ, ನಿಜವಾಗಿ ಇಳಿಯುವುದಿಲ್ಲ! ಮಗಳಿಗೂ ತೋರಿಸಿದೆ. ಬುಧವಾರ ರಜೆ, ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸ್ತೇನೆ.

ಡಾಕ್ಟರ್: ಒಳ್ಳೆಯದು. ವಾಲ್ವ್ ಸೋರುವುದು ನಿಂತಾಗಲೇ ಸರಿಯಾಗಿ ಕಾಣುವುದು. ಮಲಗಿಸಿಯೇ ಮುಗಿಸಿದರೆ, ನಿಲ್ಲಿಸಿ ಒಮ್ಮೆ ನೋಡಿ ಅಂತ ಕೇಳಿ.