ಹಾಸನದಲ್ಲಿ ಇಳಿದು ಐದೂವರೆ ಗಂಟೆ ಕಾಯಬೇಕು, ಏನು ಮಾಡುವುದು?

ಕೇಳಿದವರು, ದಾವಣಗೆರೆ:
ಮುಂದಿನ ತಿಂಗಳು ನಮ್ಮ ಅತ್ತೆಯವರನ್ನು ಕುಕ್ಕೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮ ರೈಲು ಹಾಸನ ಮುಟ್ಟುವುದು ಬೆಳಗಿನ ಜಾವ 5ಕ್ಕೆ. ಸುಬ್ರಹ್ಮಣ್ಯ ರೋಡ್ ಕಡೆಯ ರೈಲು ಹತ್ತೂವರೆಗೆ. ಅತ್ತೆಗೆ 71 ವರ್ಷ, ಎರಡೂ ಮಂಡಿ ನೋವು. ಎರಡು ಬ್ಯಾಗ್ ಇವೆ. ಬೇಲೂರು ನೋಡಿ ಬರಬಹುದಾ, ಇಲ್ಲ ಸ್ಟೇಷನ್‌ನಲ್ಲೇ ಕೂರಬೇಕಾ? ಅನುಭವ ಇದ್ದವರು ಹೇಳಿ.

ತುಮಕೂರಿನವರು:
ಅಕ್ಕಾ, ದಯವಿಟ್ಟು ಹೋಗಬೇಡಿ. ಎರಡು ವರ್ಷದ ಹಿಂದೆ ನಾವು ಮೂವರು ಹೀಗೇ ಇಳಿದೆವು. ಟ್ಯಾಕ್ಸಿಯವನು ಬೇಲೂರು, ಹಳೇಬೀಡು ಎರಡಕ್ಕೂ 2,400 ಅಂದ. ಹಾಸನದಿಂದ ಬೇಲೂರು 40 ಕಿಲೋಮೀಟರ್, ಅಲ್ಲಿಂದ ಹಳೇಬೀಡು 16, ವಾಪಸ್ 30ರ ಮೇಲೆ. ಲೆಕ್ಕಕ್ಕೆ ಸುಲಭವಾಗಿ ಕಂಡಿತು. ಆರಕ್ಕೇ ಬೇಲೂರಿನಲ್ಲಿದ್ದೆವು, ಗುಡಿ ಬಾಗಿಲು ತೆಗೆದಿರಲಿಲ್ಲ. ಒಂದೂವರೆ ಗಂಟೆ ಕಾರಿನಲ್ಲೇ ಕೂತೆವು. ಹಳೇಬೀಡಿನಲ್ಲಿ ಟೈರ್ ಪಂಕ್ಚರ್. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ! ಪಂಕ್ಚರ್ ಅಂಗಡಿಯವನು ಇನ್ನೂ ಎದ್ದಿರಲಿಲ್ಲ. ನಾವು ಸ್ಟೇಷನ್ ಮೆಟ್ಟಿಲು ಹತ್ತುವಾಗ ರೈಲಿನ ಕೊನೆ ಬೋಗಿ ಕಂಡಿತು. ಟ್ಯಾಕ್ಸಿಯವನಿಗೆ 2,400ರ ಮೇಲೆ ವೇಟಿಂಗ್ ಅಂತ 300, ಪಂಕ್ಚರ್‌ನಲ್ಲಿ ಅರ್ಧ 150. ಕುಕ್ಕೆಗೆ ಬೇರೆ ಕಾರು ಮಾಡಿದ್ದಕ್ಕೆ 3,800. ಒಟ್ಟು 6,650, ರೈಲು ಟಿಕೆಟ್ ದುಡ್ಡು ಬಿಟ್ಟು. ಶಿರಾಡಿ ಘಾಟಿಯಲ್ಲಿ ನಮ್ಮಮ್ಮ ನಾಲ್ಕು ಸಲ ವಾಂತಿ ಮಾಡಿಕೊಂಡರು. ಆ ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಳ್ಳಾರಿಯವರು:
ನಾನು ಕೂತೇ ಕಾದವಳು, ಒಂದು ದಿನವೂ ಬೇಸರ ಪಟ್ಟಿಲ್ಲ. ಅಪ್ಪನಿಗೆ 74. ಬೆಳಗಿನ ಜಾವ ಹಾಸನದಲ್ಲಿ ಚಳಿ ಇರುತ್ತದೆ, ಎರಡು ಶಾಲು, ಒಂದು ಮಂಕಿ ಟೋಪಿ ಇಟ್ಟುಕೊಂಡಿದ್ದೆ. ಬೆಂಚಿನ ಮೇಲೆ ಜಮಖಾನ ಹಾಸಿ ಅಪ್ಪನನ್ನು ಮಲಗಿಸಿದೆ. ಬ್ಯಾಗಿಗೆ ಚೈನ್ ಹಾಕಿ ಬೆಂಚಿನ ಕಾಲಿಗೆ ಬೀಗ, ಚೈನಿಗೆ 180 ರೂಪಾಯಿ. ಏಳಕ್ಕೆ ಆಟೋದಲ್ಲಿ ಊರೊಳಗೆ ಹೋಗಿ ಇಡ್ಲಿ ತಂದೆ, ಹೋಗಲು 60, ಬರಲು 80. ಅದೇ ದಾರಿಗೆ 20 ಜಾಸ್ತಿ ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ! ಇಡ್ಲಿ ಮಾತ್ರ ಬಿಸಿ ಆರಿರಲಿಲ್ಲ. ಪೊಟ್ಟಣ ಬಿಚ್ಚಿದಾಗ ಬಾಳೆ ಎಲೆ ಬೆವೆತಿತ್ತು, ಅಪ್ಪ ಮೂರು ತಿಂದರು.

ಅರಸೀಕೆರೆಯವರು:
ಎಲ್ಲರೂ ಬೇಲೂರು ಬೇಲೂರು ಅನ್ನುತ್ತೀರಿ. ನಿಮ್ಮ ರೈಲು ಹಾಸನಕ್ಕೆ ಬರುವುದೇ ಅರಸೀಕೆರೆ ಮೇಲೆ. ನಮ್ಮ ಈಶ್ವರ ದೇವಸ್ಥಾನ 1220ರದು, ಹೊಯ್ಸಳರ ಕಾಲದ್ದು. ಮುಂದಿನ ಮಂಟಪ ನಕ್ಷತ್ರದ ಆಕಾರ, ಅಂಥದ್ದು ಎಲ್ಲೂ ಸಿಗುವುದಿಲ್ಲ. ನೂಕುನುಗ್ಗಲೂ ಇಲ್ಲ. ನಾನು ನೆಂಟರು ಬಂದಾಗಲೆಲ್ಲ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಇಲ್ಲೇ ಇಳಿಯಿರಿ.

ತುಮಕೂರಿನವರು:
ಸ್ವಾಮಿ, ಅವರ ಮುಂದಿನ ರೈಲು ಹಾಸನದಿಂದ. ನಡುರಾತ್ರಿ ಅರಸೀಕೆರೆಯಲ್ಲಿ ಇಳಿದು ಕತ್ತಲಲ್ಲಿ ಮಂಟಪ ನೋಡುತ್ತಾರಾ?

ಅರಸೀಕೆರೆಯವರು:
ಹಾಸನ ಇಲ್ಲಿಂದ 45 ಕಿಲೋಮೀಟರ್, ಬಸ್ಸಿಗೇನೂ ಬರವಿಲ್ಲ. ನೀವು ರೈಲು ತಪ್ಪಿಸಿಕೊಂಡಿರಿ ಅಂತ ಎಲ್ಲರನ್ನೂ ಹೆದರಿಸಬೇಡಿ.

ಹಾಸನದವರು:
ಜಗಳ ಬಿಡಿ. ಬೇಲೂರು ರಸ್ತೆಯಲ್ಲೇ ಸುಮಾರು 20 ಕಿಲೋಮೀಟರಿಗೆ ದೊಡ್ಡಗದ್ದವಳ್ಳಿ ಇದೆ. ಲಕ್ಷ್ಮೀದೇವಿ ಗುಡಿ, ಹನ್ನೆರಡನೇ ಶತಮಾನದ್ದು, ಒಂದೇ ಗುಡಿಗೆ ನಾಲ್ಕು ಗರ್ಭಗುಡಿ. ಕಾಳಿಯ ಬಾಗಿಲ ಎರಡೂ ಕಡೆ ಬೇತಾಳ ನಿಂತಿದ್ದಾನೆ, ಪಕ್ಕೆಲುಬು ಒಂದೊಂದೂ ಎಣಿಸಬಹುದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಆ ಎಲುಬಿನ ಸಂದಿಯಲ್ಲಿ ನೆರಳು ನಿಲ್ಲುತ್ತದೆ. 2020ರಲ್ಲಿ ಕಾಳಿ ವಿಗ್ರಹ ಒಡೆದ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ. ಬೇಲೂರು, ಹಳೇಬೀಡಿಗೆ 2023ರಲ್ಲಿ ಯುನೆಸ್ಕೋ ಪಟ್ಟಿಯ ಗೌರವ ಸಿಕ್ಕಿತು, ಸಂತೋಷ. ಹಾಗಂತ ಇದನ್ನು ಮರೆಯಬೇಕಾ?

ಮಂಗಳೂರಿನವರು:
ತುಮಕೂರಿನವರೇ, ಪಿಎನ್‌ಆರ್ (ಟಿಕೆಟ್ ಮೇಲಿನ ಬುಕಿಂಗ್ ನಂಬರ್) ಎರಡನ್ನೂ ಲಿಂಕ್ ಮಾಡಿದ್ದರೆ ಟಿಕೆಟ್ ದುಡ್ಡು ವಾಪಸ್ ಬರುತ್ತಿತ್ತು. 2019ರ ಏಪ್ರಿಲ್‌ನಿಂದ ಆ ನಿಯಮ ಇದೆ. ಗೊತ್ತಿಲ್ಲದೆ ಕಳೆದುಕೊಂಡಿರಿ.

ತುಮಕೂರಿನವರು:
ಲಿಂಕ್ ಮಾಡಿದ್ದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಮಾತ್ರ ಅದು ನಡೆಯುತ್ತದೆ. ನಮ್ಮ ಮೊದಲ ರೈಲು ಸರಿಯಾಗಿ ಬಂದಿತ್ತು. ಟೈರಿಗೆ ರೈಲ್ವೆಯವರು ದುಡ್ಡು ಕೊಡುತ್ತಾರಾ? ಅರ್ಧ ತಿಳಿದು ಬುದ್ಧಿ ಹೇಳಬೇಡಿ.

ಮಂಗಳೂರಿನವರು:
ಬುದ್ಧಿ ಹೇಳಲಿಲ್ಲ, ಅವರಿಗೆ ಉಪಯೋಗ ಆಗಲಿ ಅಂದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಟ್ಟ, 57 ಸುರಂಗ. ಅದನ್ನು ಹಗಲಿನಲ್ಲಿ ನೋಡುವುದೇ ದೊಡ್ಡದು, ಗುಡಿ ಇನ್ನೊಮ್ಮೆ ನೋಡಬಹುದು. ನಾನು ಗಾಜಿನ ಚಾವಣಿಯ ಬೋಗಿ ವಿಸ್ಟಾಡೋಮ್‌ಗೆ ದುಡ್ಡು ಕೊಟ್ಟೆ, ಒಂದು ರೂಪಾಯಿಯೂ ದಂಡ ಅನಿಸಲಿಲ್ಲ. ಮಳೆಗಾಲವಾದರೆ ಮಾತ್ರ ಹೊರಡುವ ಮುಂಚೆ ವಿಚಾರಿಸಿ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಜಾರಿ ರೈಲುಗಳು ನಿಂತಾಗ ನಮ್ಮ ಟಿಕೆಟ್ ರದ್ದಾಗಿತ್ತು.

ಬಳ್ಳಾರಿಯವರು:
ಟ್ಯಾಕ್ಸಿಗೆ ಸಾವಿರಗಟ್ಟಲೆ ಯಾಕೆ? ಅಕ್ಕ ಮತ್ತು ಅತ್ತೆ ಇಬ್ಬರೂ ಹೆಂಗಸರು, ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಆಧಾರ್ ಇಟ್ಟುಕೊಂಡರೆ ಸಾಕು.

ಅರಸೀಕೆರೆಯವರು:
ಅದರಿಂದಲೇ ನಮ್ಮಂಥವರಿಗೆ ಸೀಟು ಸಿಗುತ್ತಿಲ್ಲ. ದುಡ್ಡು ಕೊಟ್ಟು ನಿಂತು ಹೋಗುತ್ತೇನೆ, ನನಗೂ 66.

ಬಳ್ಳಾರಿಯವರು:
ನಮ್ಮಮ್ಮ ನಲವತ್ತು ವರ್ಷ ದುಡ್ಡು ಕೊಟ್ಟೇ ನಿಂತು ಹೋದರು ಸರ್. ಆಗ ಯಾರೂ ಕೇಳಲಿಲ್ಲ.

ಕೇಳಿದವರು, ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಬೇಲೂರು ಈ ಸಲ ಬಿಟ್ಟೆ. ನನಗೆ ಬೇಕಿರುವುದು ಇನ್ನೊಂದು, ಕೇಳಲು ಸಂಕೋಚ. ಅತ್ತೆಗೆ ನೆಲದ ಕಕ್ಕಸಿನಲ್ಲಿ ಕೂರಲು ಆಗುವುದೇ ಇಲ್ಲ. ಐದೂವರೆ ಗಂಟೆ ಹೇಗೆ?

ಬಳ್ಳಾರಿಯವರು:
ಇದರಲ್ಲಿ ಸಂಕೋಚ ಏನಕ್ಕಾ. ಅಪ್ಪನಿಗೆ ನಾನು ಮಡಚುವ ಕಮೋಡ್ ಸ್ಟೂಲ್ ಒಯ್ದಿದ್ದೆ, 1,150 ಕೊಟ್ಟಿದ್ದೆ. ಕಾಲಿಗೆ ರಬ್ಬರ್ ಬುಷ್ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಒದ್ದೆ ನೆಲದಲ್ಲಿ ಜಾರುತ್ತದೆ. ನಮ್ಮದರ ಒಂದು ಬುಷ್ ಮೊದಲ ವಾರವೇ ಕಿತ್ತು ಹೋಯಿತು, ಕಂಪನಿಗೆ ಮೂರು ಸಲ ಫೋನ್ ಮಾಡಿದೆ, ಕೊಡಲಿಲ್ಲ. ಕೊನೆಗೆ ಊರುಗೋಲಿನ ಬುಷ್ 25 ರೂಪಾಯಿಗೆ ತಂದು ಹಾಕಿದೆ, ಸರಿಯಾಗಿ ಕೂತಿತು.