ಫ್ಯಾಕ್ಟರಿ ಕೆಲ್ಸ ಬಿಡ್ದೇ ಅರ್ಧಕ್ಕ ನಿಂತ ಡಿಗ್ರಿ ಮುಗಿಸೋದು ಹ್ಯಾಂಗ್ರಿ?

ಸೇಡಂ_ಶಿಫ್ಟ್:
ಎಲ್ಲಾರಿಗೂ ನಮಸ್ಕಾರ್ರಿ. ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರ್ಯಾಗ ಮೆಕ್ಯಾನಿಕಲ್ ಮೇಂಟೆನೆನ್ಸ್ ಸೂಪರ್‌ವೈಸರ್ ಅದೀನಿ. ಡಿಪ್ಲೊಮಾ ಆಗ್ಯಾದ, ಲ್ಯಾಟರಲ್ ಎಂಟ್ರಿ ಮ್ಯಾಲ (ಸೀದಾ ಎರಡನೇ ವರ್ಷಕ್ಕ) ಬಿಇ ಸೇರಿದ್ದೆ, ಅಪ್ಪಾಜಿ ತೀರ್ಕೊಂಡ್ರು, ತಮ್ಮ ತಂಗಿ ಸಣ್ಣವ್ರಿದ್ರು, 2011ರಾಗ ಕಾಲೇಜ್ ಬಿಟ್ಟು ಕೆಲ್ಸಕ್ಕ ಬಂದೆ. ಈಗ ಕಿಲ್ನ್ (ಸಿಮೆಂಟಿನ ಕಲ್ಲು ಸುಡೋ ದೊಡ್ಡ ತಿರುಗೋ ಭಟ್ಟಿ) ರಿಪೇರಿಗೆ ನಿಲ್ಸೋ ಶಟ್‌ಡೌನ್ ಬಂತಂದ್ರ ಯಾವ ಗ್ಯಾಂಗ್ ಎಲ್ಲಿ ಹಚ್ಬೇಕು, ಕ್ರೇನ್ ಯಾವಾಗ ಕರಸ್ಬೇಕು, ಭಟ್ಟಿ ಒಳಗಿನ ಬ್ರಿಕ್ಸ್ ಎಷ್ಟು ಮ್ಯಾಲ ಹೋಗ್ಬೇಕು ಎಲ್ಲಾ ನನ್ ಕೈಯಾಗೇ ನಡೀತದ, ಆದ್ರ ಅಸಿಸ್ಟೆಂಟ್ ಮ್ಯಾನೇಜರ್ ಪೋಸ್ಟ್ ಮಾತು ಬಂದ್ರ ಡಿಗ್ರಿ ಎಲ್ಲದ ಅಂತಾರ. ಅಮೆರಿಕದಾಗ ನಮ್ಮಂಥವ್ರಿಗೇ ಅಂತ ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಡಿಗ್ರಿ ಕಂಪ್ಲೀಷನ್ ಪ್ರೋಗ್ರಾಮ್ ಇರ್ತಾವಂತ, ಹಳಿ ಕ್ರೆಡಿಟ್ (ಪಾಸಾದ ಸಬ್ಜೆಕ್ಟಿಗೆ ಸಿಗೋ ಲೆಕ್ಕ) ಹಿಡ್ದು ಉಳ್ದಿದ್ದಷ್ಟೇ ಓದಿಸ್ತಾರಂತ. ನಮ್ ಕಡಿ ಹಂಗ ಏನರ ಅದನ? ಫೋನ್‌ನ್ಯಾಗ ದಿನಾ 'ಒಂದೇ ವರ್ಷದಾಗ ಡಿಗ್ರಿ' ಅಂತ ಆಡ್ ಬರ್ತದ, ಅದು ನಡೀತದೇನ್ರಿ?

ಕಪನೂರ_ಎಚ್‌ಆರ್:
ತಮ್ಮಾ, ಮೊದ್ಲು ಆ ಒಂದು ವರ್ಷದ ಆಡ್ ಕೈ ಬಿಡು. ನಾ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಎಚ್‌ಆರ್ ಕೆಲ್ಸ ಮಾಡ್ತೀನಿ, ಅಂಥ ಸರ್ಟಿಫಿಕೇಟ್ ವೆರಿಫಿಕೇಷನ್‌ಗೆ ಹೋಗಿ ವಾಪಸ್ ಬಂದಾಗ ಹುಡುಗುರ ಮುಖ ನೋಡ್ಲಿಕ್ಕಾಗಲ್ಲ. ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯ 3 ವರ್ಷ ಬೇಕು, ಒಂದೇ ವರ್ಷದಾಗ ಆಗಂಗಿಲ್ಲ.

ಅಮೆರಿಕದ ಲೆಕ್ಕ ಬ್ಯಾರೆ. ಅಲ್ಲಿ ಬ್ಯಾಚುಲರ್ ಡಿಗ್ರಿಗೆ ಸುಮಾರು 120 ಕ್ರೆಡಿಟ್, ಹಳಿ ಕಾಲೇಜಿನ ಕ್ರೆಡಿಟ್ ಒಪ್ಕೊಂಡು ಉಳ್ದಿದ್ದು ಓದಿಸೋದು ಅಲ್ಲಿ ಮೊದ್ಲಿಂದಾನೂ ಇರೋ ಪದ್ಧತಿ. ನಮ್ಮಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ), ಅಂದ್ರ ಓದಿದ ಕ್ರೆಡಿಟ್ ಜಮಾ ಇಡೋ ಆನ್‌ಲೈನ್ ಖಾತಿ, ಬಂದಿದ್ದೇ 2021ರಾಗ, ಅದ್ರಾಗೂ 2021-22 ಮತ್ತ ಅದರ ಮುಂದ ಓದಿದ್ದು ಮಾತ್ರ ಜಮಾ ಆಗ್ತದ. ನಿನ್ನ 2011ರ ಮಾರ್ಕ್ಸ್ ಕಾರ್ಡ್ ಅಲ್ಲಿ ಹೋಗಲ್ಲ.

ದೂರಶಿಕ್ಷಣದ ಬಿಇ ಅಂತ ಯಾರರ ಬಂದ್ರಂತೂ ಕಿವಿಗೇ ಹಾಕೋಬ್ಯಾಡ. ಎಐಸಿಟಿಇ (ಎಂಜಿನಿಯರಿಂಗ್ ಕೋರ್ಸಿಗೆ ಒಪ್ಪಿಗಿ ಕೊಡೋ ಕೇಂದ್ರದ ಸಂಸ್ಥಾ) ಅನುಮತಿ ಇಲ್ದೇ ಕೆಲವು ಡೀಮ್ಡ್ ಯೂನಿವರ್ಸಿಟಿ ಕೊಟ್ಟಿದ್ದ ಅಂಥ ಎಂಜಿನಿಯರಿಂಗ್ ಡಿಗ್ರಿ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ 2017ರ ನವೆಂಬರ್‌ನ್ಯಾಗ ತೀರ್ಪು ಬಂತು, ಅವುಗಳ ಮ್ಯಾಲ ಪ್ರಮೋಷನ್ ತಗೊಂಡವ್ರ ಸೈತ ಕಷ್ಟಕ್ಕ ಬಿದ್ರು. ಎಎಂಐಇ (ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡ್ಸೋ ಪರೀಕ್ಷಾ) ಅಂತಾನೂ ಹೇಳೋರು ಇರ್ತಾರ, ಒಂದ್ ಕಾಲಕ್ಕ ಫ್ಯಾಕ್ಟರಿ ಮಂದಿಗೆ ಅದೇ ದಾರಿ ಇತ್ತು, ಆದ್ರ ಬಿಇಗೆ ಸಮ ಅನ್ನೋ ಮಾನ್ಯತೆ 31-05-2013ರ ಒಳಗ ಹೆಸ್ರು ಹಚ್ಚಿದವ್ರಿಗೆ ಮಾತ್ರ.

ಈಗ ನೀ ಮಾಡ್ಬೇಕಾಗಿದ್ದು ಒಂದೇ, ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ ಕೇಳು, ಆ ಪೋಸ್ಟಿಗೆ ಬಿಇನೇ ಬೇಕೋ ಅಥವಾ ಡಿಪ್ಲೊಮಾ ಜೊತಿ ಯಾವ್ದೇ ಡಿಗ್ರಿ ನಡೀತದೋ ಅಂತ. ಬಾಯಿ ಮಾತಿನ ಮ್ಯಾಲ ಫೀಸ್ ಕಟ್ಬ್ಯಾಡ.

ಬೀದರ್_ಪ್ಲಾಂಟ್:
ಕಾಕಾ ಹೇಳಿದ್ದು ಖರೆ. ಬಿಇನೇ ಬೇಕಂದ್ರ ಒಂದು ದಾರಿ ಅದ ಅಣ್ಣಾ. 2023-24ರಿಂದ ಎಐಸಿಟಿಇ ಕೆಲ್ಸ ಮಾಡೋರಿಗಂತ ಬ್ಯಾರೆ ಬ್ಯಾಚ್ ನಡ್ಸಾಕ ಕಾಲೇಜುಗಳಿಗೆ ಅನುಮತಿ ಕೊಡ್ಲತ್ತದ, ಡಿಪ್ಲೊಮಾ ಆದವ್ರು ಸೀದಾ ಎರಡನೇ ವರ್ಷಕ್ಕ, ಕ್ಲಾಸ್ ಟೈಮೂ ಕೆಲ್ಸ ನೋಡ್ಕೊಂಡೇ ಇಡ್ತಾರ. ಕಡಿಮ್ಯಂದ್ರ ಒಂದ್ ವರ್ಷದ ಅನುಭವ ಬೇಕು, ಫ್ಯಾಕ್ಟರಿಗೂ ಕಾಲೇಜಿಗೂ ನಡುವಿನ ದೂರಕ್ಕ ಮಿತಿ ಅದ. ಆದ್ರ ನಿಮ್ಗ ಶಿಫ್ಟ್ ವಾರಕ್ಕೊಮ್ಮೆ ತಿರುಗ್ತಿದ್ರ ಸಂಜಿ ಕ್ಲಾಸ್ ಹ್ಯಾಂಗ್ ಹಿಡೀತೀರಿ? ಸೇಡಂನಿಂದ ಕಲಬುರಗಿಗೆ ಬಸ್ಸಿನ್ಯಾಗ ಬಂದು, ಕ್ಲಾಸ್ ಕೇಳಿ, ನೈಟ್ ಶಿಫ್ಟಿಗೆ ವಾಪಸ್ ಹೋಗೋದು ಮೈಮ್ಯಾಲ ಬರ್ತದ. ಜನರಲ್ ಶಿಫ್ಟ್ ಸಿಕ್ರಷ್ಟೇ ಕೈ ಹಾಕ್ರಿ.

ಇನ್ನೊಂದು ಮಾತು. ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ನಿಮ್ಗ ಹೊಸ ಸಬ್ಜೆಕ್ಟ್ ಅನ್ಸೋದೇ ಇಲ್ಲ. ಕ್ರಿಟಿಕಲ್ ಪಾತ್ ಮೆಥಡ್ ಅಂತ ಬರ್ತದ ನೋಡ್ರಿ, ಯಾವ ಕೆಲ್ಸ ತಡ ಆದ್ರ ಎಲ್ಲಾ ತಡ ಆಗ್ತದ ಅಂತ ಹುಡ್ಕೋ ಲೆಕ್ಕ, ಅದು ಹುಟ್ಟಿದ್ದೇ ಫ್ಯಾಕ್ಟರಿ ಕೆಲ್ಸದಾಗ, 1950ರ ದಶಕದ ಕೊನಿಗೆ ಡ್ಯೂಪಾಂಟ್ ಕಂಪನಿಯೋರು ಲೂಯಿವಿಲ್ ಪ್ಲಾಂಟಿನ ಮೇಂಟೆನೆನ್ಸ್ ಶಟ್‌ಡೌನ್‌ಗೆ ಹಚ್ಚಿ ನೋಡಿದ್ರು, 125 ತಾಸು ಹಿಡೀತಿದ್ದ ಕೆಲ್ಸ ಭಾಳ ಕಡಿಮಿ ತಾಸಿಗೆ ಇಳೀತು. ನಿಮ್ಮ ಕಿಲ್ನ್‌ನೇ ತಗೊಳ್ರಿ. ತಣ್ಣಗಾಗೋ ತನಕ ಒಳಗ ಹೋಗಂಗಿಲ್ಲ, ಆಮ್ಯಾಲ ಒಳಗ ಅಂಟಿದ ಕೋಟಿಂಗ್ ಬೀಳಿಸ್ಬೇಕು, ಹಳಿ ಬ್ರಿಕ್ಸ್ ಒಡೀಬೇಕು, ಹೊರಗಿನ ಉಕ್ಕಿನ ಶೆಲ್ ನೋಡ್ಬೇಕು, ಹೊಸಾ ಬ್ರಿಕ್ಸ್ ಕೂಡಿಸ್ಬೇಕು, ಮತ್ತ ನಿಧಾನಕ ಹೀಟಿಂಗ್. ಇದು ಒಂದ್ರ ಹಿಂದ ಒಂದೇ ಆಗ್ಬೇಕು, ಇದ್ರಾಗ ಒಂದ್ ತಾಸು ಹೋತಂದ್ರ ಇಡೀ ಶಟ್‌ಡೌನ್ ಒಂದ್ ತಾಸು ಉದ್ದ ಆಗ್ತದ. ಕೂಲರ್ ಪ್ಲೇಟ್, ಫ್ಯಾನ್ ಬೇರಿಂಗ್ ಅದರ ಬಾಜೂಕೇ ನಡೀತಾವ, ಅವು ಅರ್ಧ ದಿನ ತಡ ಆದ್ರೂ ಬಹಳ ಸಲ ಯಾರಿಗೂ ಗೊತ್ತಾಗಲ್ಲ, ಅದಕ್ಕೇ ಪುಸ್ತಕದಾಗ ಫ್ಲೋಟ್ ಅಂತಾರ. ನೀವು ಇದನ್ನ ತಲ್ಯಾಗೇ ಮಾಡ್ಲತ್ತೀರಿ, ಓದಿದ್ರ ಹಾಳಿ ಮ್ಯಾಲ ಬರ್ದು ಮ್ಯಾನೇಜರ್ ಮುಂದ ಇಡ್ಲಿಕ್ಕೆ ಬರ್ತದ. ನನಗಂತೂ ಡಿಗ್ರಿಗಿಂತ ಇದೇ ದೊಡ್ಡ ಲಾಭ ಅನಸ್ತದ.

ಕಡೇಚೂರ_ಸ್ಟೋರ್ಸ್:
ಅಣ್ಣಾರ, ನಾ ಯಾದಗಿರಿ ಜಿಲ್ಲಾ ಕಡೇಚೂರಿನ ಫಾರ್ಮಾ ಕಂಪನ್ಯಾಗ ಸ್ಟೋರ್ಸ್ ನೋಡ್ತೀನ್ರಿ, ಇಗ್ನೊದಿಂದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿಕಾಂ ಓದ್ಲಾಕತ್ತೀನಿ, ಮುಂದ ಅಲ್ಲೇ ಆಪರೇಷನ್ಸ್ ಎಂಬಿಎ ಮಾಡ್ಬೇಕಂತ ಅದ. ಡಿಗ್ರಿಗೆ ಕಡಿಮಿ 3 ವರ್ಷ, ಮ್ಯಾಲ 6 ವರ್ಷದ ತನಕ ಟೈಮ್ ಕೊಡ್ತಾರ, ಪರೀಕ್ಷಾ ಜೂನ್ ಮತ್ತ ಡಿಸೆಂಬರ್‌ನ್ಯಾಗ, ಒಂದ್ ಸಲ ಆಗ್ಲಿಲ್ಲಂದ್ರ ಇನ್ನೊಂದ್ ಸಲ ಬರೀಬಹುದು. ಅಸೈನ್‌ಮೆಂಟ್‌ಗೆ ಸಾಮಾನ್ಯ 30 ಪರ್ಸೆಂಟ್ ತೂಕ, ಅದನ್ನ ಮಂದಿ ಹಗುರ ಮಾಡ್ತಾರ, ಹಂಗ ಮಾಡ್ಬ್ಯಾಡ್ರಿ, ಟೈಮಿಗೆ ಕೊಡ್ರಿ. ನಾ ಮನ್ಯಾಗ ಎಲ್ಲಾರೂ ಮಲಗಿದ ಮ್ಯಾಲ ರೊಟ್ಟಿ ಹಂಚು ತೆಗ್ದಿಟ್ಟು ಅಡಗಿ ಮನ್ಯಾಗೇ ಕೂತು ಬರೀತೀನಿ, ನಮ್ ಅತ್ತಿಯೋರು ಒಮ್ಮೊಮ್ಮೆ ಎದ್ದು ಚಾ ಮಾಡಿ ಕೊಡ್ತಾರ್ರಿ, ಹಂಗ ಮನ್ಯಾಗ ಒಬ್ರರ ಜೊತಿ ಇರ್ಬೇಕು.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೂ ಕಲಬುರಗ್ಯಾಗ ಪ್ರಾದೇಶಿಕ ಕೇಂದ್ರ ಅದ, ಕನ್ನಡದಾಗ ಬರ್ಯೋದು ಹಗುರ ಅನಸ್ತದಂದ್ರ ಅಲ್ಲೂ ವಿಚಾರಿಸ್ರಿ. ಎಲ್ಲಿ ಸೇರಿದ್ರೂ ಯುಜಿಸಿ ಡಿಇಬಿ (ಯುಜಿಸಿಯ ದೂರಶಿಕ್ಷಣ ವಿಭಾಗ) ವೆಬ್‌ಸೈಟಿನ್ಯಾಗ ಆ ಯೂನಿವರ್ಸಿಟಿ, ಆ ಕೋರ್ಸು, ಆ ವರ್ಷ ಮೂರೂ ಪಟ್ಟಿದಾಗ ಅದಾವೇನು ನೋಡ್ರಿ.

ಸೇಡಂ_ಶಿಫ್ಟ್:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಎಚ್‌ಆರ್‌ಗೆ ಮೇಲ್ ಹಾಕಿದ್ದೆ, ಡಿಪ್ಲೊಮಾ ಜೊತಿ ಮಾನ್ಯತೆ ಇರೋ ಯಾವ್ದೇ ಡಿಗ್ರಿ ನಡೀತದ ಅಂತ ಉತ್ತರ ಬಂತು. ದೂರಶಿಕ್ಷಣದ್ದು ರೆಗ್ಯುಲರ್‌ಗೆ ಸಮ ಹಿಡೀತಾರೇನು ಕಾಕಾ? ಹಿಡೀತಾರಂದ್ರ ಬಿಕಾಂ ಮಾಡಿ ಆಪರೇಷನ್ಸ್ ಎಂಬಿಎಗೆ ಹೋಗೋದೇ ಛಲೋ ಅನಸ್ಲಾಕತ್ತದ.

ಕಪನೂರ_ಎಚ್‌ಆರ್:
ಹಿಡೀತಾರ. ಮಾನ್ಯತೆ ಇರೋ ದೂರಶಿಕ್ಷಣ, ಆನ್‌ಲೈನ್ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನ್ಯಾಗೇ ನೋಟಿಸ್ ಹೊರಡ್ಸ್ಯಾದ, ಅದರ ಪ್ರಿಂಟ್ ತಗ್ದು ಫೈಲಿನ್ಯಾಗ ಇಡು. ಹತ್ತನೇ ಮ್ಯಾಲಿನ 3 ವರ್ಷದ ಡಿಪ್ಲೊಮಾನ ಪಿಯುಸಿ ಬದ್ಲಿ ಒಪ್ತಾರೇನಂತ ಫಾರ್ಮ್ ತುಂಬೋ ಮುಂಚೆನೇ ಕೇಂದ್ರದಾಗ ಕೇಳ್ಕೋ. ಅಡ್ಮಿಷನ್‌ಗೆ ಈಗ ಡಿಇಬಿ ಐಡಿ, ಎಬಿಸಿ ಐಡಿ ಎರಡೂ ಬೇಕು. ನಮ್ ಕಡಿ ಸಾಲಿ ಸರ್ಟಿಫಿಕೇಟ್‌ನ್ಯಾಗ ಅಪ್ಪನ ಹೆಸ್ರು ಹಿಂದ ಇರ್ತದ, ಆಧಾರ್‌ನ್ಯಾಗ ಅಡ್ಡ ಹೆಸ್ರು ಇರ್ತದ, ಎರಡೂ ತೆಗ್ದು ಬಾಜೂಕ ಇಟ್ಟು ನೋಡು, ಫರಕ್ ಇದ್ರ ಅಡ್ಮಿಷನ್ ಶುರು ಆಗೋಕಿಂತ ಮುಂಚೆ ಸರಿ ಮಾಡ್ಸ್ಕೋ.